ಓಪನ್‌ಡೇಲೈಟ್ ಮುಂದೇನು, ಯಾರು ನಿರ್ಧರಿಸುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್‌ವರ್ಕ್ ಕೆಲಸದಲ್ಲಿರುವ ಗೆಳೆಯರು, ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು, ಟೆಲಿಕಾಂ ಕಂಪನಿಗಳಲ್ಲಿ ಯಾವ ಕಂಟ್ರೋಲರ್ ಕೊಳ್ಳಬೇಕು ಎಂದು ತಲೆ ಕೆಡಿಸಿಕೊಂಡವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ನನ್ನವು, ಯಾವ ಸಂಸ್ಥೆಯ ಅಧಿಕೃತ ಹೇಳಿಕೆಯೂ ಅಲ್ಲ. ಮೊದಲಿಗೆ ಹೊಸಬರ ಪ್ರಶ್ನೆಗಳು, ಕೆಳಗೆ ಹೋದಂತೆ ಒಳಗಿನ ವಿಷಯ.

## ಹೊಸಬರಿಗೆ

ಓಪನ್‌ಡೇಲೈಟ್ ಅಂದ್ರೆ ಏನು? ಸ್ವಿಚ್ಚಾ, ಸರ್ವರ್ರಾ, ಸಾಫ್ಟ್‌ವೇರಾ?

ಸಾಫ್ಟ್‌ವೇರ್. ಜಾವಾದಲ್ಲಿ ಬರೆದದ್ದು, ಸಾಮಾನ್ಯ ಲಿನಕ್ಸ್ ಸರ್ವರ್ ಮೇಲೆ ಓಡುತ್ತದೆ. ಸ್ವಿಚ್ ಅಥವಾ ರೂಟರ್ ಒಳಗೆ ಎರಡು ಬಗೆಯ ಕೆಲಸ ನಡೆಯುತ್ತದೆ. ಬಂದ ಪ್ಯಾಕೆಟ್ ಯಾವ ಪೋರ್ಟಿನಿಂದ ಆಚೆ ಹೋಗಬೇಕು ಎಂದು ತೀರ್ಮಾನಿಸುವುದು ಒಂದು, ತೀರ್ಮಾನದ ಪ್ರಕಾರ ಕಳಿಸುವುದು ಇನ್ನೊಂದು. ತೀರ್ಮಾನದ ಕೆಲಸವನ್ನು ಪೆಟ್ಟಿಗೆಯಿಂದ ಹೊರತೆಗೆದು ಒಂದೇ ಕಡೆ ಇಟ್ಟರೆ ಇಡೀ ನೆಟ್‌ವರ್ಕನ್ನು ಒಂದಾಗಿ ನೋಡಿ ನಡೆಸಬಹುದು ಎಂಬ ವಿಚಾರಕ್ಕೆ ಎಸ್‌ಡಿಎನ್ (ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್) ಎಂದು ಹೆಸರು ಬಂತು. 2008ರಲ್ಲಿ ಸ್ಟ್ಯಾನ್‌ಫರ್ಡ್ ಕಡೆಯಿಂದ ಬಂದ ಓಪನ್‌ಫ್ಲೋ (ಹೊರಗಿನ ತೀರ್ಮಾನವನ್ನು ಸ್ವಿಚ್‌ಗೆ ತಿಳಿಸುವ ಪ್ರೋಟೋಕಾಲ್) ಪ್ರಬಂಧ ಅದಕ್ಕೆ ದೊಡ್ಡ ತಿರುವು ಕೊಟ್ಟಿತು.

ಆಮೇಲೆ ಒಬ್ಬೊಬ್ಬರೂ ತಮ್ಮದೇ ಕಂಟ್ರೋಲರ್, ಅಂದರೆ ಈ ತೀರ್ಮಾನ ಮಾಡುವ ಸಾಫ್ಟ್‌ವೇರ್, ಬರೆಯತೊಡಗಿದರು: ನಾಕ್ಸ್, ಬೀಕನ್, ಫ್ಲಡ್‌ಲೈಟ್, ರ್ಯೂ ಹೀಗೆ. 2013ರ ಏಪ್ರಿಲ್‌ನಲ್ಲಿ ಸಿಸ್ಕೊ, ಐಬಿಎಂ, ಜುನಿಪರ್, ಎರಿಕ್ಸನ್, ರೆಡ್ ಹ್ಯಾಟ್, ಮೈಕ್ರೋಸಾಫ್ಟ್, ಎನ್‌ಇಸಿ, ವಿಎಂವೇರ್ ಮುಂತಾದ ಕಂಪನಿಗಳು ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಸೇರಿ ಎಲ್ಲರಿಗೂ ಆಗುವ ಒಂದು ಕಂಟ್ರೋಲರ್ ಕಟ್ಟೋಣ ಎಂದವು. ಅದೇ ಓಪನ್‌ಡೇಲೈಟ್. ಎಕ್ಲಿಪ್ಸ್ ಪಬ್ಲಿಕ್ ಲೈಸೆನ್ಸ್ ಅಡಿ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬದಲಾಯಿಸಬಹುದು, ಮಾರುವ ಉತ್ಪನ್ನದೊಳಗೆ ಸೇರಿಸಬಹುದು.

ಎಸ್‌ಡಿಎನ್ ಗಲಾಟೆ ಎಲ್ಲಾ ತಣ್ಣಗಾಯ್ತಲ್ಲ, ಇನ್ನೂ ಇದರ ಭವಿಷ್ಯ ಅಂತ ಮಾತಾಡೋದ್ಯಾಕೆ?

ತಣ್ಣಗಾದದ್ದು ಗಲಾಟೆ. ಕೆಲಸ ನಿಂತಿಲ್ಲ. ಟೆಲಿಕಾಂ ಕಂಪನಿಗಳ ಯಾಂತ್ರೀಕರಣಕ್ಕೆಂದು 2017ರಲ್ಲಿ ಶುರುವಾದ ಓನ್ಯಾಪ್ ಯೋಜನೆಯ ಕಂಟ್ರೋಲರ್ ಭಾಗ ನಿಂತಿರುವುದು ಓಪನ್‌ಡೇಲೈಟ್ ಮೇಲೆ. ಆಪ್ಟಿಕಲ್ ನೆಟ್‌ವರ್ಕ್‌ಗಳಲ್ಲಿ ಬೇರೆ ಬೇರೆ ಕಂಪನಿಗಳ ಉಪಕರಣವನ್ನು ಒಟ್ಟಿಗೆ ನಡೆಸುವ ಟ್ರಾನ್ಸ್‌ಪೋರ್ಟ್ ಪಿಸಿಇ ಎಂಬ ಉಪಯೋಜನೆ ಇದರೊಳಗೇ ಇದೆ. ಅನೇಕ ಕಂಪನಿಗಳು ತಮ್ಮ ಹೆಸರಿನಲ್ಲಿ ಮಾರಿದ ಕಂಟ್ರೋಲರ್‌ಗಳ ಮೂಲ ಕೋಡ್ ಇದೇ. ಹೊರಗೆ ಹೆಸರು ಕಾಣುವುದಿಲ್ಲ ಅಷ್ಟೆ. ಹೀಗೆ ಬೇರೆಯವರ ಮನೆಯ ತಳಪಾಯವಾಗಿರುವ ಕೋಡಿಗೆ ಮುಂದಿನ ಯೋಜನೆ ಎಲ್ಲಕ್ಕಿಂತ ಹೆಚ್ಚು ಬೇಕು ಎನ್ನುವುದು ನನ್ನ ಅಭಿಪ್ರಾಯ.

ಬಿಡುಗಡೆಗಳಿಗೆ ಕೆಮಿಸ್ಟ್ರಿ ಹೆಸರು ಯಾಕೆ?

ಆವರ್ತ ಕೋಷ್ಟಕದ ಕ್ರಮದಲ್ಲಿ ಹೆಸರಿಡುವುದು ರೂಢಿ. 2014ರ ಫೆಬ್ರುವರಿಯಲ್ಲಿ ಹೈಡ್ರೋಜನ್, ಅದೇ ವರ್ಷ ಹೀಲಿಯಂ, 2015ರಲ್ಲಿ ಲಿಥಿಯಂ, ಹಾಗೇ ಮುಂದಕ್ಕೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಪಿಯುಸಿ ವಿಜ್ಞಾನ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ನೀವು ಓದುತ್ತಿರುವ ಪಾಠದಲ್ಲಿ ಬೆರಿಲಿಯಂ ಅಥವಾ ಬೋರಾನ್ ಎಂದಿದ್ದರೆ ಅದು 2016ರದು ಎಂದು ಲೆಕ್ಕ ಹಾಕಿ, ಎಚ್ಚರದಿಂದ ಬಳಸಿ.

ವಿಡಿಯೋದಲ್ಲಿ ತೋರಿಸಿದ ಹಾಗೆ ಡಿಲಕ್ಸ್ ಹಾಕೋಕೆ ಹೋದ್ರೆ ಫೀಚರ್ ಸಿಗ್ತಿಲ್ಲ ಅನ್ನುತ್ತೆ. ನನ್ನ ಲ್ಯಾಪ್‌ಟಾಪ್‌ದೇ ತೊಂದರೆನಾ?

ನಿಮ್ಮ ಲ್ಯಾಪ್‌ಟಾಪಿನದಲ್ಲ. ಡಿಲಕ್ಸ್ ಎಂದರೆ ಹಳೆಯ ಬಿಡುಗಡೆಗಳ ಜೊತೆ ಬರುತ್ತಿದ್ದ ವೆಬ್ ಪರದೆ. ಸ್ವಿಚ್‌ಗಳು ಚುಕ್ಕಿಗಳಾಗಿ, ಲಿಂಕ್‌ಗಳು ಗೆರೆಗಳಾಗಿ ಕಾಣುತ್ತಿದ್ದವು. ಪ್ರಾತ್ಯಕ್ಷಿಕೆಗೆ ಬಹಳ ಚಂದ. ಅದನ್ನು ನೋಡಿಕೊಳ್ಳುವವರು ಇಲ್ಲವಾದರು, ಬಿಡುಗಡೆಯಿಂದ ಅದನ್ನು ಕೈಬಿಟ್ಟರು. ಅದನ್ನು ತೋರಿಸುವ ವಿಡಿಯೋಗಳು ಮಾತ್ರ ಹಾಗೇ ಉಳಿದಿವೆ. ಈಗ ಕಂಟ್ರೋಲರ್ ಜೊತೆ ಮಾತಾಡಬೇಕಾದರೆ ಅದರ ರೆಸ್ಟ್‌ಕಾನ್ಫ್ (ಎಚ್‌ಟಿಟಿಪಿ ಮೇಲೆ ಓಡುವ ಎಪಿಐ) ವಿಳಾಸಕ್ಕೆ ನೇರವಾಗಿ ವಿನಂತಿ ಕಳಿಸಬೇಕು, ಪೋಸ್ಟ್‌ಮ್ಯಾನ್, ಕರ್ಲ್‌ನಂಥ ಸಾಫ್ಟ್‌ವೇರ್‌ನಿಂದ. ಕಲಿಯುವವರಿಗೆ ಇದು ಮೊದಲಿಗೆ ಕಷ್ಟ ಅನ್ನಿಸುತ್ತದೆ, ಆದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಚಿತ್ರಕ್ಕಿಂತ ಇದರಲ್ಲೇ ಚೆನ್ನಾಗಿ ತಿಳಿಯುತ್ತದೆ.

## ತೀರ್ಮಾನ ಯಾರದು?

ರೋಡ್‌ಮ್ಯಾಪ್ ಎಲ್ಲಿದೆ? ಮುಂದಿನ ಎರಡು ಮೂರು ವರ್ಷದ ಪಟ್ಟಿ ಕೊಡಿ ಸಾರ್.

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ಕಂಪನಿಯ ಉತ್ಪನ್ನಕ್ಕೆ ಇರುವಂಥ ಪಟ್ಟಿಯನ್ನು ಇಲ್ಲಿ ಹುಡುಕಬೇಡಿ. ಊರ ಜಾತ್ರೆಗೆ ಮುಂಚೆ ಹಿರಿಯರು ಕೂತು, ಪಾನಕ ಯಾರದು, ಚಪ್ಪರ ಯಾರದು ಎಂದು ಕೇಳಿ, ಕೈ ಎತ್ತಿದವರ ಹೆಸರು ಬರೆದುಕೊಳ್ಳುತ್ತಾರಲ್ಲ, ಇಲ್ಲಿನ ಯೋಜನೆಯೂ ಹಾಗೇ. ಕೈ ಎತ್ತಿದವರು ಇಲ್ಲದ ಕೆಲಸ ಎಷ್ಟೇ ಮುಖ್ಯವಾದರೂ ಪಟ್ಟಿಯಲ್ಲಿ ಉಳಿಯುವುದಿಲ್ಲ.

ಓಪನ್‌ಡೇಲೈಟ್ ಒಂದೇ ಯೋಜನೆಯಲ್ಲ, ಹಲವು ಉಪಯೋಜನೆಗಳ ಗುಂಪು. ಯಾಂಗ್ ಟೂಲ್ಸ್, ಎಂಡಿ-ಸಾಲ್, ಕಂಟ್ರೋಲರ್, ನೆಟ್‌ಕಾನ್ಫ್, ಓಪನ್‌ಫ್ಲೋ ಪ್ಲಗಿನ್, ಬಿಜಿಪಿ-ಪಿಸಿಇಪಿ ಹೀಗೆ. ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥ, ಕೋಡ್ ಸೇರಿಸುವ ಅಧಿಕಾರವಿರುವ ಕಮಿಟರ್‌ಗಳು. ಮುಂದಿನ ಬಿಡುಗಡೆಯಲ್ಲಿ ನಾವು ಇಷ್ಟು ಮಾಡುತ್ತೇವೆ ಎಂದು ಆಯಾ ತಂಡದವರೇ ಬರೆದಿಡುತ್ತಾರೆ, ಬಿಡಿ ಕೆಲಸಗಳು ಜಿರಾ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಇರುತ್ತವೆ. ಒಂದು ಉಪಯೋಜನೆ ನಿಜಕ್ಕೂ ಎತ್ತ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಘೋಷಣೆಯ ಸ್ಲೈಡ್ ಬಿಟ್ಟು, ಪ್ಯಾಚ್‌ಗಳು ಅಂದರೆ ಕೋಡ್ ಬದಲಾವಣೆಗಳು ಪರಿಶೀಲನೆಗೆ ಬರುವ ಗೆರಿಟ್ ತೆರೆಯಿರಿ. ಕಳೆದ ಮೂರು ತಿಂಗಳಲ್ಲಿ ಸೇರಿದ ಪ್ಯಾಚ್‌ಗಳನ್ನು ಓದಿ, ಯಾರು ಬರೆದರು, ಯಾರು ಪರಿಶೀಲಿಸಿದರು ನೋಡಿ. ಒಂದೇ ಹೆಸರು ಎರಡೂ ಕಡೆ ಬರುತ್ತಿದ್ದರೆ ಆ ಉಪಯೋಜನೆ ಒಬ್ಬರ ಹೆಗಲ ಮೇಲಿದೆ ಎಂದು ತಿಳಿಯಿರಿ. ನಿಮ್ಮ ಉತ್ಪನ್ನ ಅದನ್ನು ನಂಬಿಕೊಂಡಿದ್ದರೆ ಈಗಲೇ ಒಬ್ಬರನ್ನು ಆ ಕಡೆ ಹಚ್ಚಿ.

ಕೊನೆಗೆ ದುಡ್ಡು ಕೊಡೋ ಕಂಪನಿ ಹೇಳಿದ್ದೇ ನಡೆಯೋದು ಅಲ್ವಾ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸದಸ್ಯ ಕಂಪನಿಗಳ ಶುಲ್ಕ ಸರ್ವರ್, ಪರೀಕ್ಷಾ ವ್ಯವಸ್ಥೆ, ಸಮಾವೇಶ, ಪ್ರಚಾರಕ್ಕೆ ಹೋಗುತ್ತದೆ. ತಾಂತ್ರಿಕ ತೀರ್ಮಾನ ತಾಂತ್ರಿಕ ಸಮಿತಿಯದು, ಅಲ್ಲಿ ಕೋಡ್ ಬರೆಯುವವರು ಚುನಾವಣೆಯಿಂದ ಬರುತ್ತಾರೆ. ಸಭೆ ಎಲ್ಲರಿಗೂ ತೆರೆದಿರುತ್ತದೆ, ನಡಾವಳಿ ಬರಹದಲ್ಲಿ ಉಳಿಯುತ್ತದೆ. 2018ರ ಜನವರಿಯಲ್ಲಿ ಓನ್ಯಾಪ್, ಓಪಿಎನ್‌ಎಫ್‌ವಿ, ಫೈಡೋ ಮುಂತಾದವುಗಳ ಜೊತೆ ಓಪನ್‌ಡೇಲೈಟ್ ಕೂಡ ಎಲ್‌ಎಫ್ ನೆಟ್‌ವರ್ಕಿಂಗ್ ಎಂಬ ಒಂದೇ ಸೂರಿನಡಿ ಬಂತು. ಹಣಕಾಸಿನ ಮಂಡಳಿ ಒಂದಾಯಿತು, ತಾಂತ್ರಿಕ ಸಮಿತಿ ಆಯಾ ಯೋಜನೆಗೆ ಬೇರೆಯಾಗಿಯೇ ಉಳಿಯಿತು.

ಆದರೆ ಶುರುವಿನ ಕಥೆ ಮರೆಯಬಾರದು. 2013ರಲ್ಲಿ ತಳಪಾಯವಾಗಿ ಯಾವ ಕೋಡ್ ಹಿಡಿಯಬೇಕು ಎಂಬುದರ ಮೇಲೆ ಜಟಾಪಟಿ ನಡೆಯಿತು. ಸಿಸ್ಕೊ ಕೊಟ್ಟ ಕಂಟ್ರೋಲರ್ ಒಂದು ಕಡೆ, ಬಿಗ್ ಸ್ವಿಚ್ ಕಂಪನಿ ಕೊಡಮಾಡಿದ ಫ್ಲಡ್‌ಲೈಟ್ ಇನ್ನೊಂದು ಕಡೆ. ಸಿಸ್ಕೊ ಕೋಡೇ ಬುನಾದಿಯಾಗುವ ಹಾಗೆ ಕಂಡಾಗ ಸ್ಥಾಪಕ ಸದಸ್ಯನಾಗಿದ್ದ ಬಿಗ್ ಸ್ವಿಚ್ ಎರಡೇ ತಿಂಗಳಲ್ಲಿ ಹೊರನಡೆಯಿತು. ತೆರೆದ ಯೋಜನೆಯಲ್ಲೂ ಮೊದಲ ಕೋಡ್ ತಂದವರ ಕೈ ಮೇಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇಂದಿನ ಸ್ಥಿತಿಯಲ್ಲಿ ತೂಕ ಬರುವುದು ಪರಿಶೀಲನೆಗೆ ಸಮಯ ಕೊಡುವ ಎಂಜಿನಿಯರ್‌ಗಳಿಂದ. ಅವರಿಗೆ ಸಂಬಳ ಯಾರೋ ಕೊಡುತ್ತಾರೆ, ದುಡ್ಡಿನ ಪ್ರಭಾವ ಬರುವುದು ಆ ದಾರಿಯಲ್ಲಿ.

ಒಂದು ದೊಡ್ಡ ಕಂಪನಿ ಎದ್ದು ಹೋದ್ರೆ ಯೋಜನೆ ಗತಿ ಏನು?

ಎದ್ದು ಹೋಗಿವೆ, ಯೋಜನೆ ಉಳಿದಿದೆ. ಉಪಯೋಜನೆಗಳೆಲ್ಲ ಉಳಿದಿಲ್ಲ. ಬ್ರೊಕೇಡ್ ಕಂಪನಿ ಓಪನ್‌ಡೇಲೈಟ್ ಮೇಲೆ ಕಟ್ಟಿದ ಕಂಟ್ರೋಲರ್ ಮಾರುತ್ತಿತ್ತು. ಬ್ರೊಕೇಡ್ ಅನ್ನು ಬ್ರಾಡ್‌ಕಾಂ ಕೊಳ್ಳುವ ಹೊತ್ತಿಗೆ, 2017ರಲ್ಲಿ, ಆ ಕಂಟ್ರೋಲರ್ ವ್ಯವಹಾರ ಲುಮಿನಾ ನೆಟ್‌ವರ್ಕ್ಸ್ ಎಂಬ ಹೊಸ ಕಂಪನಿಗೆ ಹೋಯಿತು. 2020ರಲ್ಲಿ ಲುಮಿನಾ ಬಾಗಿಲು ಹಾಕಿತು. ಓಪನ್‌ಸ್ಟ್ಯಾಕ್ (ಕ್ಲೌಡ್ ಕಟ್ಟುವ ಮುಕ್ತ ಸಾಫ್ಟ್‌ವೇರ್) ಕ್ಲೌಡ್‌ಗಳಿಗೆ ವರ್ಚುವಲ್ ನೆಟ್‌ವರ್ಕ್ ಒದಗಿಸುತ್ತಿದ್ದ ನೆಟ್‌ವರ್ಟ್ ಒಂದು ಕಾಲದಲ್ಲಿ ಅತಿ ಗಿಜಿಗುಡುವ ಉಪಯೋಜನೆ. ಓಪನ್‌ಸ್ಟ್ಯಾಕ್ ಜಗತ್ತು ಅದೇ ಕೆಲಸ ಮಾಡುವ ಓವಿಎನ್ ಕಡೆ ವಾಲಿತು, ನೆಟ್‌ವರ್ಟ್ ಬರೆಯುತ್ತಿದ್ದವರು ಬೇರೆ ಕೆಲಸಕ್ಕೆ ಹೋದರು, ಕಡೆಗೆ ಅದು ಬಿಡುಗಡೆಯಿಂದಲೇ ಹೊರಗುಳಿಯಿತು.

ಕೋಡ್ ಎಲ್ಲೂ ಹೋಗುವುದಿಲ್ಲ, ಭಂಡಾರದಲ್ಲಿ ಇದೆ. ಆದರೆ ತಳಪಾಯದ ಯೋಜನೆಗಳು ಬದಲಾದಂತೆ ಅದನ್ನು ತಿದ್ದುವವರಿಲ್ಲದಿದ್ದರೆ ಒಂದೆರಡು ಬಿಡುಗಡೆಯ ನಂತರ ಅದು ಬಿಲ್ಡ್ ಕೂಡ ಆಗುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಎಷ್ಟೋ ಜನರ ವರ್ಷಗಟ್ಟಲೆ ಶ್ರಮ ಅದರಲ್ಲಿದೆ.

## ಬಿಡುಗಡೆ, ತೆರವು, ಭದ್ರತೆ

ಆರು ತಿಂಗಳಿಗೊಮ್ಮೆ ಹೊಸ ಬಿಡುಗಡೆ ಅಂದ್ರೆ ನಾವು ಯಾವಾಗ ಬಳಸೋದು, ಯಾವಾಗ ಅಪ್‌ಗ್ರೇಡ್ ಮಾಡೋದು?

ಟೆಲಿಕಾಂ ಕಡೆಯವರ ಈ ಸಂಕಟ ನ್ಯಾಯವಾದದ್ದು. ಅವರಲ್ಲಿ ಒಂದು ಸಾಫ್ಟ್‌ವೇರ್ ಪರೀಕ್ಷೆ ಮುಗಿಸಿ ನಿಜವಾದ ನೆಟ್‌ವರ್ಕಿಗೆ ಹತ್ತಿಸುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ.

ಮೊದಮೊದಲು ಎಲ್ಲ ಉಪಯೋಜನೆಗಳೂ ಒಂದೇ ದಿನಕ್ಕೆ ಒಟ್ಟಿಗೆ ಬಿಡುಗಡೆಯಾಗಬೇಕಿತ್ತು. ತುದಿಯ ಒಂದು ಚಿಕ್ಕ ಯೋಜನೆ ಮುರಿದರೂ ಎಲ್ಲರೂ ಕಾಯಬೇಕು. ಇದರಿಂದ ಬೇಸತ್ತು ಸುಮಾರು 2018ರಿಂದ ಮ್ಯಾನೇಜ್ಡ್ ರಿಲೀಸ್ ಎಂಬ ಪದ್ಧತಿ ಬಂತು. ಯಾಂಗ್ ಟೂಲ್ಸ್, ಎಂಡಿ-ಸಾಲ್‌ನಂಥ ತಳಪಾಯದವು ತಮ್ಮ ಗತಿಯಲ್ಲಿ ಮೊದಲೇ ಬಿಡುಗಡೆಯಾಗುತ್ತವೆ, ಮೇಲಿನವು ಆ ಸಿದ್ಧ ಆವೃತ್ತಿಯನ್ನು ಹಿಡಿದು ಕಟ್ಟುತ್ತವೆ. ನಿಯಮ ಪಾಲಿಸುವ ಯೋಜನೆಗಳು ಮುಖ್ಯ ವಿತರಣೆಯಲ್ಲಿ, ಉಳಿದವು ತಮ್ಮ ಪಾಡಿಗೆ ತಾವು.

ನನ್ನ ಸಲಹೆ: ಪ್ರತಿ ಬಿಡುಗಡೆಗೂ ಹತ್ತಬೇಡಿ, ಆದರೆ ಎರಡಕ್ಕಿಂತ ಹೆಚ್ಚು ಹಿಂದೆ ಬೀಳಬೇಡಿ. ಮೊದಲ ಬಿಡುಗಡೆಯ ಬದಲು ಅದರ ದೋಷ ತಿದ್ದಿದ ಸರ್ವಿಸ್ ರಿಲೀಸ್ ಹಿಡಿಯಿರಿ. ನಾಲ್ಕೈದು ಬಿಡುಗಡೆ ಹಿಂದೆ ಬಿದ್ದವರು ಒಮ್ಮೆಗೇ ಜಾವಾ ಆವೃತ್ತಿ, ಕರಾಫ್ (ಓಪನ್‌ಡೇಲೈಟ್ ಓಡುವ ಜಾವಾ ಚೌಕಟ್ಟು) ಆವೃತ್ತಿ, ಎಪಿಐ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಓಪನ್‌ಡೇಲೈಟ್ ಜಾವಾ 8ರಿಂದ 11ಕ್ಕೆ, 17ಕ್ಕೆ, 21ಕ್ಕೆ ಹತ್ತುತ್ತಾ ಬಂದಿದೆ. ಮಧ್ಯದ ಮೆಟ್ಟಿಲು ಹಾರಿದವರಿಗೆ ಇದು ದೊಡ್ಡ ಹೊರೆ.

ಓಡ್ತಾ ಇರೋದನ್ನ ಯಾಕೆ ತೆಗೆದುಹಾಕ್ತೀರಿ? ಇದ್ದರೆ ಯಾರಿಗೇನು ನಷ್ಟ?

ಭವಿಷ್ಯದ ಯೋಜನೆ ಎಂದರೆ ಹೊಸದು ಸೇರಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಏನನ್ನು ಬಿಡಬೇಕು ಎಂಬ ತೀರ್ಮಾನವೇ ಅದರ ಅರ್ಧ ಭಾಗ, ಮತ್ತು ಕಷ್ಟದ ಭಾಗ.

ಹೈಡ್ರೋಜನ್‌ನಲ್ಲಿ ಒಂದೇ ಕೆಲಸಕ್ಕೆ ಎರಡು ವ್ಯವಸ್ಥೆ ಇದ್ದವು. ಎಡಿ-ಸಾಲ್‌ನಲ್ಲಿ ಪ್ರತಿ ಸೌಲಭ್ಯಕ್ಕೂ ಕೈಯಿಂದ ಜಾವಾ ಎಪಿಐ ಬರೆಯಬೇಕು. ಎಂಡಿ-ಸಾಲ್‌ನಲ್ಲಿ ಉಪಕರಣದ ವಿವರಣೆಯನ್ನು ಯಾಂಗ್ ಭಾಷೆಯಲ್ಲಿ ಒಮ್ಮೆ ಬರೆದರೆ ಜಾವಾ ಕ್ಲಾಸ್, ರೆಸ್ಟ್‌ಕಾನ್ಫ್ ವಿಳಾಸ ಎರಡೂ ಅದರಿಂದಲೇ ಬರುತ್ತವೆ. ಎರಡನ್ನೂ ಇಟ್ಟುಕೊಂಡರೆ ಪ್ರತಿ ದೋಷವನ್ನೂ ಎರಡು ಕಡೆ ಸರಿಪಡಿಸಬೇಕು, ಎರಡರ ನಡುವೆ ಸೇತುವೆ ಕಾಯಬೇಕು. ಎಡಿ-ಸಾಲ್ ಹೋಯಿತು. ಅದರ ಮೇಲೆ ಬರೆದ ಆಪ್‌ಗಳನ್ನು ಹೊಸದಾಗಿ ಬರೆಯಬೇಕಾಯಿತು, ಬೈಗುಳವೂ ಸಾಕಷ್ಟು ಬಂತು. ಆದರೆ ಇಂದು ಓಪನ್‌ಡೇಲೈಟ್‌ಗೆ ಇರುವ ಬೆಲೆಯೆಲ್ಲ ಎಂಡಿ-ಸಾಲ್ ಮತ್ತು ಯಾಂಗ್ ಟೂಲ್ಸ್‌ನಿಂದ ಬಂದದ್ದು. ಆ ತೀರ್ಮಾನ ಸರಿಯಾಗಿತ್ತು ಎಂದೇ ನಾನು ಹೇಳುತ್ತೇನೆ.

ಓಪನ್‌ಫ್ಲೋ ಪ್ಲಗಿನ್ ಇನ್ನೊಂದು ಬಗೆ. ಹೀಲಿಯಂ ಕಾಲದ ವಿನ್ಯಾಸ ಹೆಚ್ಚಿನ ಸ್ವಿಚ್‌ಗಳ ಹೊರೆ ತಡೆಯಲಿಲ್ಲ. ಲಿಥಿಯಂನಲ್ಲಿ ಹೊಸ ವಿನ್ಯಾಸ ಬಂದಾಗ ಹಳೆಯದನ್ನು ತಕ್ಷಣ ಕಿತ್ತೆಸೆಯದೆ ಎರಡನ್ನೂ ಬೇರೆ ಬೇರೆ ಫೀಚರ್ ಹೆಸರಿನಲ್ಲಿ ಕೊಟ್ಟರು. ಬಳಸುವವರು ಪಕ್ಕಪಕ್ಕ ಇಟ್ಟು ನೋಡಿ ದಾಟಿದರು. ನಂತರವೇ ಹಳೆಯದು ಹೋದದ್ದು. ತೆಗೆಯುವುದಾದರೆ ಹೀಗೆ ತೆಗೆಯಬೇಕು: ಮೊದಲು ಹೇಳಿ, ಬದಲಿ ಕೊಟ್ಟು, ಒಂದೆರಡು ಬಿಡುಗಡೆ ಕಾದು.

ಭದ್ರತೆ ಯೋಜನೆಯಲ್ಲಿ ಎಲ್ಲಿ ಬರುತ್ತೆ? ಕೊನೆಗಾ?

ಶುರುವಿನಲ್ಲಿ ಕೊನೆಗೂ ಬಂದಿರಲಿಲ್ಲ. 2014ರ ಆಗಸ್ಟ್‌ನಲ್ಲಿ ನೆಟ್‌ಕಾನ್ಫ್ (ಉಪಕರಣಗಳನ್ನು ಕಾನ್ಫಿಗರ್ ಮಾಡುವ ಪ್ರೋಟೋಕಾಲ್) ಭಾಗದಲ್ಲಿ ಒಂದು ದೋಷ ಬಯಲಾಯಿತು. ಕಳಿಸಿದ ಎಕ್ಸ್‌ಎಂಎಲ್‌ನೊಳಗೆ ಹೊರಗಿನ ಕಡತದ ಉಲ್ಲೇಖ ಇಟ್ಟರೆ ಕಂಟ್ರೋಲರ್ ತನ್ನ ಸರ್ವರ್‌ನಲ್ಲಿರುವ ಕಡತವನ್ನು ಓದಿ ಉತ್ತರದಲ್ಲಿ ಕೊಟ್ಟುಬಿಡುತ್ತಿತ್ತು. ನೆಟ್‌ಡಂಪ್ ಎಂದು ಅದಕ್ಕೆ ಹೆಸರಾಯಿತು. ಸರಿಪಡಿಸಿದ್ದು ಡಿಸೆಂಬರ್‌ನಲ್ಲಿ. ಇಂಥ ವರದಿ ಬಂದರೆ ಯಾರು ನೋಡಬೇಕು ಎಂಬ ವ್ಯವಸ್ಥೆಯೇ ಆಗ ಇರಲಿಲ್ಲ, ತಿಂಗಳುಗಳು ಹೋದದ್ದು ಅದಕ್ಕೇ. ಆಮೇಲೆ ಭದ್ರತಾ ತಂಡ, ಗುಟ್ಟಾಗಿ ವರದಿ ಮಾಡುವ ವಿಳಾಸ, ಸೂಚನೆಗಳ ಪಟ್ಟಿ ಬಂದವು.

ಕಂಟ್ರೋಲರ್ ಎಂದರೆ ಇಡೀ ನೆಟ್‌ವರ್ಕಿನ ಕೀಲಿ ಒಂದೇ ಕಡೆ ಇರುವ ಜಾಗ. ಅದರ ಆಡಳಿತ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಟ್ಟು, ಅಡ್ಮಿನ್ ಎಂಬ ಹೆಸರನ್ನೇ ಪಾಸ್‌ವರ್ಡ್ ಆಗಿಯೂ ಬಿಟ್ಟಿದ್ದರೆ ಯಾವ ತಂಡವೂ ನಿಮ್ಮನ್ನು ಕಾಯಲಾರದು.

## ಆಳದ ಪ್ರಶ್ನೆಗಳು

ಎರಡು ಡೇಟಾ ಸೆಂಟರ್ ಇದೆ, ಎರಡು ನೋಡ್ ಕ್ಲಸ್ಟರ್ ಸಾಕಲ್ವಾ? ಮೂರೇ ಯಾಕೆ ಬೇಕು?

ಕ್ಲಸ್ಟರ್ ಎಂದರೆ ಒಂದಾಗಿ ಕೆಲಸ ಮಾಡುವ ಹಲವು ಸರ್ವರ್‌ಗಳು, ಒಂದೊಂದೂ ಒಂದು ನೋಡ್. ಓಪನ್‌ಡೇಲೈಟ್ ಕ್ಲಸ್ಟರ್‌ನ ದತ್ತಾಂಶ ರಾಫ್ಟ್ ವಿಧಾನದಲ್ಲಿ ನಕಲಾಗುತ್ತದೆ. ಒಂದು ಬರಹ ಒಪ್ಪಿಗೆಯಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ನೋಡ್‌ಗಳು ಹೂಂ ಅನ್ನಬೇಕು. ಎರಡರಲ್ಲಿ ಬಹುಮತ ಎಂದರೆ ಎರಡೂ, ಅಂದರೆ ಒಂದು ಬಿದ್ದರೆ ಇನ್ನೊಂದು ಜೀವಂತವಿದ್ದೂ ಬರೆಯಲಾರದು. ಮೂರಿದ್ದರೆ ಒಂದು ಬೀಳಬಹುದು, ಐದಿದ್ದರೆ ಎರಡು. ಎರಡು ಊರುಗಳಲ್ಲಿ ಇಡಬೇಕಾದವರಿಗೆ ಆರು ನೋಡ್‌ಗಳ ಏರ್ಪಾಡು ಇದೆ: ಒಂದು ಊರಿನ ಮೂರಕ್ಕೆ ಮತ, ಇನ್ನೊಂದರ ಮೂರು ಮತವಿಲ್ಲದೆ ನಕಲು ಮಾತ್ರ ಪಡೆಯುತ್ತವೆ. ಮೊದಲ ಊರು ಪೂರ್ತಿ ಹೋದರೆ ಆಡಳಿತಗಾರರೇ ಮತವನ್ನು ಎರಡನೆಯ ಕಡೆಗೆ ತಿರುಗಿಸಬೇಕು, ತಾನಾಗಿ ಆಗುವುದಿಲ್ಲ. ಈ ತಿರುಗಿಸುವ ಕೆಲಸವನ್ನು ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಮಾಡಿಸಿ.

ಅಕ್ಕಾ ಲೈಸೆನ್ಸ್ ಬದಲಾಯ್ತಲ್ಲ, ಅದು ಓಪನ್‌ಡೇಲೈಟ್‌ಗೆ ತೊಂದರೆ ಆಗಲ್ವಾ?

ಭವಿಷ್ಯದ ಯೋಜನೆಯಲ್ಲಿ ನಾವು ಬರೆಯದ ಕೋಡಿನ ಪಾಲು ಎಷ್ಟು ದೊಡ್ಡದು ಎಂದು ತೋರಿಸಿದ ಪ್ರಸಂಗ ಇದು. ಕ್ಲಸ್ಟರ್ ನೋಡ್‌ಗಳ ನಡುವಿನ ಮಾತುಕತೆಗೆ ಓಪನ್‌ಡೇಲೈಟ್ ಅಕ್ಕಾ ಎಂಬ ಲೈಬ್ರರಿಯನ್ನು ಹೀಲಿಯಂ ಕಾಲದಿಂದ ನಂಬಿಕೊಂಡಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಅದರ ಒಡೆಯರಾದ ಲೈಟ್‌ಬೆಂಡ್, 2.7ನೇ ಆವೃತ್ತಿಯಿಂದ ಅಪಾಚೆ ಲೈಸೆನ್ಸ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸ್ ಎಂದು ಪ್ರಕಟಿಸಿತು. ದೊಡ್ಡ ಕಂಪನಿಗಳು ನಿಜವಾದ ಬಳಕೆಗೆ ಹಣ ಕೊಡಬೇಕು. ಎಲ್ಲರೂ ಮುಕ್ತವಾಗಿ ಹಂಚುವ ಯೋಜನೆಯೊಳಗೆ ಅಂಥ ಲೈಬ್ರರಿ ಇರಲು ಸಾಧ್ಯವಿಲ್ಲ.

ಹಳೆಯ 2.6ರಲ್ಲೇ ನಿಂತರೆ ಭದ್ರತಾ ತಿದ್ದುಪಡಿ ಹೆಚ್ಚು ದಿನ ಸಿಗುತ್ತಿರಲಿಲ್ಲ. ಅಪಾಚೆ ಸಂಸ್ಥೆಯಲ್ಲಿ ಅದೇ 2.6ರಿಂದ ಪೆಕ್ಕೊ ಎಂಬ ಕವಲು ಹುಟ್ಟಿ, 2023ರ ಜುಲೈನಲ್ಲಿ 1.0 ಬಂತು. ಅಕ್ಕಾ ನಂಬಿದ ಮುಕ್ತ ಯೋಜನೆಗಳಿಗೆ ದಾರಿ ಅದೇ ಆಯಿತು. ಕೇಳಲು ಹೆಸರು ಬದಲಾಯಿಸುವ ಕೆಲಸದಂತಿದೆ. ಆದರೆ ಓಡುತ್ತಿರುವ ಕ್ಲಸ್ಟರ್‌ನಲ್ಲಿ ಒಂದು ನೋಡ್ ಹಳೆಯ ಲೈಬ್ರರಿ, ಇನ್ನೊಂದು ಹೊಸದು ಇದ್ದರೆ ಪರಸ್ಪರ ಮಾತಾಡುತ್ತವೆಯೇ, ಡಿಸ್ಕ್‌ನಲ್ಲಿ ಉಳಿಸಿದ ಹಳೆಯ ದತ್ತಾಂಶವನ್ನು ಹೊಸದು ಓದುತ್ತದೆಯೇ ಎಂಬ ಪ್ರಶ್ನೆಗಳಿಗೆ ಬಳಸುವವರು ತಮ್ಮ ಪ್ರಯೋಗಾಲಯದಲ್ಲೇ ಉತ್ತರ ಕಂಡುಕೊಳ್ಳಬೇಕು. ಬಳಸುವ ಪ್ರತಿ ಲೈಬ್ರರಿಯ ಲೈಸೆನ್ಸ್ ಯಾರ ಕೈಯಲ್ಲಿದೆ, ಒಂದು ಕಂಪನಿಯದೋ, ಸಾರ್ವಜನಿಕ ಸಂಸ್ಥೆಯದೋ ಎಂದು ಯೋಜನೆ ಹಾಕುವಾಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲಾ ಹಳೇ ಹೊರೆ ಯಾಕೆ ಹೊರಬೇಕು? ಗೋ ಭಾಷೆಯಲ್ಲಿ, ಕುಬರ್ನೆಟಿಸ್ ಮೇಲೆ ಹೊಸದಾಗಿ ಬರೆದುಬಿಡಬಾರದಾ?

ಯುವ ಎಂಜಿನಿಯರ್‌ಗಳ ಈ ಉತ್ಸಾಹ ನನಗೆ ಇಷ್ಟ. ಪಕ್ಕದ ಮನೆಯಲ್ಲಿ ಇದನ್ನು ಮಾಡಿದ್ದಾರೆ, ನೋಡೋಣ. ಓನಾಸ್ ಎಂಬ ಇನ್ನೊಂದು ಮುಕ್ತ ಕಂಟ್ರೋಲರ್ 2014ರ ಡಿಸೆಂಬರ್‌ನಲ್ಲಿ ಬಂತು. ಅದೂ ಜಾವಾ, ಅದೂ ಕರಾಫ್ ಮೇಲೆ. ಅದರ ತಂಡ ಮುಂದೆ ಮೈಕ್ರೊ ಓನಾಸ್ ಹೆಸರಿನಲ್ಲಿ ಗೋ ಭಾಷೆಯಲ್ಲಿ, ಚಿಕ್ಕ ಚಿಕ್ಕ ಸೇವೆಗಳಾಗಿ ಹೊಸದನ್ನು ಕಟ್ಟಿತು. ಮೊಬೈಲ್ ರೇಡಿಯೋ ಜಾಲದ ನಿಯಂತ್ರಣದಂಥ ಹೊಸ ಜಾಗದಲ್ಲಿ ಅದು ಬಳಕೆಗೂ ಬಂತು. ಹೊಸ ಜಾಗಕ್ಕೆ ಹೊಸ ಕೋಡ್ ಚೆನ್ನಾಗಿ ಹೊಂದುತ್ತದೆ. ಹಳೆಯದರ ಮೇಲೆ ಆಪ್ ಬರೆದಿದ್ದವರಿಗೆ ಮಾತ್ರ ಅದು ನೆರವಾಗುವುದಿಲ್ಲ, ಅವರ ಆಪ್ ಜಾವಾದಲ್ಲೇ ಇದೆ.

ಓಪನ್‌ಡೇಲೈಟ್ ಕಡೆ ನಡೆದದ್ದು ಬೇರೆ. ಸ್ಲೊವಾಕಿಯಾದ ಪ್ಯಾಂಥಿಯಾನ್ ಟೆಕ್ ಕಂಪನಿಯವರು ಲೈಟಿ ಎಂಬ ಮುಕ್ತ ಯೋಜನೆ ಮಾಡಿ, ಎಂಡಿ-ಸಾಲ್, ನೆಟ್‌ಕಾನ್ಫ್ ಮುಂತಾದ ಅದೇ ಭಾಗಗಳನ್ನು ಕರಾಫ್ ಇಲ್ಲದೆ ಸಾಮಾನ್ಯ ಜಾವಾ ಪ್ರೋಗ್ರಾಂ ಆಗಿ ಓಡುವಂತೆ ಮಾಡಿದರು. ಬೇಕಾದ ಭಾಗ ಮಾತ್ರ ಸೇರಿಸಿ ಚಿಕ್ಕ ಕಂಟೇನರ್ ಮಾಡಬಹುದು. ಇದು ಸಾಧ್ಯವಾದದ್ದು ಮೂಲ ತಂಡ ವರ್ಷಗಟ್ಟಲೆ ಕೂತು ಒಳಗಿನ ಗಂಟುಗಳನ್ನು ಬಿಡಿಸಿದ್ದರಿಂದ. ಭಾಗಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದ ಕಾನ್ಫಿಗ್ ಸಬ್‌ಸಿಸ್ಟಂ ಹೋಗಿ ಅದರ ಜಾಗಕ್ಕೆ ಬ್ಲೂಪ್ರಿಂಟ್ ಬಂತು, ಅದರಿಂದಾಚೆಗೂ ಕೋಡನ್ನು ಕರಾಫ್‌ಗೆ ಅಂಟಿಕೊಳ್ಳದಂತೆ ಬೇರ್ಪಡಿಸುತ್ತಾ ಹೋದರು. ಯಾವ ಪತ್ರಿಕಾ ಪ್ರಕಟಣೆಯಲ್ಲೂ ಬಾರದ ಕೆಲಸ. ನನ್ನ ಮತ ಈ ದಾರಿಗೆ.

ಓಪನ್‌ಫ್ಲೋ ಸತ್ತುಹೋಯ್ತಾ? ಹಾಗಾದ್ರೆ ಮುಂದೆ ಯಾವ ಪ್ರೋಟೋಕಾಲ್ ಕಲೀಬೇಕು?

ಸತ್ತಿಲ್ಲ, ಆದರೆ ಮುಂದಿನ ಹೆಚ್ಚಿನ ಕೆಲಸ ಅದರ ಸುತ್ತ ಇಲ್ಲ. ಆಪರೇಟರ್‌ಗಳ ಬಳಿ ಈಗಾಗಲೇ ಇರುವ ಸಾವಿರಾರು ರೂಟರ್‌ಗಳು ತಮ್ಮ ತೀರ್ಮಾನ ತಾವೇ ಮಾಡುತ್ತವೆ. ಅವರಿಗೆ ಬೇಕಾದದ್ದು ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳನ್ನು ಒಂದೇ ರೀತಿಯಲ್ಲಿ ಕಾನ್ಫಿಗರ್ ಮಾಡುವ ವ್ಯವಸ್ಥೆ. ಅಲ್ಲಿಗೆ ನೆಟ್‌ಕಾನ್ಫ್ ಮತ್ತು ಯಾಂಗ್. ಅಂತರ್ಜಾಲದ ಮಾನಕಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳಲ್ಲಿ ನೆಟ್‌ಕಾನ್ಫ್‌ಗೆ 6241, ರೆಸ್ಟ್‌ಕಾನ್ಫ್‌ಗೆ 8040, ಯಾಂಗ್ 1.1ಕ್ಕೆ 7950. ಈ ಮೂರನ್ನು ಓದಿದರೆ ಓಪನ್‌ಡೇಲೈಟ್‌ನ ಮುಕ್ಕಾಲು ಕೋಡ್ ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ. ದಾರಿ ಲೆಕ್ಕಾಚಾರದ ಕಡೆ ಆಸಕ್ತಿಯಿದ್ದರೆ ಬಿಜಿಪಿ-ಎಲ್‌ಎಸ್ (ನೆಟ್‌ವರ್ಕಿನ ನಕ್ಷೆ ತಿಳಿಸುವ ಪ್ರೋಟೋಕಾಲ್) ಮತ್ತು ಪಿಸಿಇಪಿ (ಲೆಕ್ಕ ಹಾಕಿದ ದಾರಿಯನ್ನು ರೂಟರ್‌ಗೆ ತಿಳಿಸುವ ಪ್ರೋಟೋಕಾಲ್) ಹಿಡಿಯಿರಿ.

## ಕೈಜೋಡಿಸುವವರಿಗೆ

ನಮ್ಮ ಕಂಪನಿಗೆ ಒಂದು ಫೀಚರ್ ಬೇಕೇ ಬೇಕು. ಯಾರಿಗೆ ಹೇಳಿದ್ರೆ ಮುಂದಿನ ಬಿಡುಗಡೆಗೆ ಬರುತ್ತೆ?

ಹೇಳಿದರೆ ಬರುವುದಿಲ್ಲ. ಮೂರು ದಾರಿ ಇವೆ. ನಿಮ್ಮ ಎಂಜಿನಿಯರ್ ಬರೆಯುವುದು, ಈ ಕೋಡ್ ಬಲ್ಲ ಕಂಪನಿಗೆ ಹಣ ಕೊಟ್ಟು ಬರೆಸುವುದು, ಅಥವಾ ಅದೇ ಫೀಚರ್ ಬೇಕಾದ ಇನ್ನೊಬ್ಬರನ್ನು ಹುಡುಕಿ ಹಂಚಿಕೊಳ್ಳುವುದು. ಯಾವುದಾದರೂ ಸರಿ, ಕೋಡ್ ಬರೆಯುವ ಮುಂಚೆ ಜಿರಾದಲ್ಲಿ ಒಂದು ಟಿಕೆಟ್ ತೆರೆದು, ಒಂದು ಪುಟದ ವಿನ್ಯಾಸ ಬರೆದು ಕಮಿಟರ್‌ಗಳ ಮುಂದಿಡಿ.

ಬಹಳ ಕಂಪನಿಗಳು ತಮ್ಮೊಳಗೇ ಕವಲು ಮಾಡಿಕೊಂಡು ಒಂದು ವರ್ಷ ಬರೆದು, ಹತ್ತು ಸಾವಿರ ಸಾಲು ಒಮ್ಮೆಗೇ ತಂದು ಸುರಿಯುತ್ತವೆ. ಅದನ್ನು ಓದಲು ಯಾರಿಗೂ ಸಮಯವಿರುವುದಿಲ್ಲ. ಅಷ್ಟರಲ್ಲಿ ಮೂಲವೂ ಮುಂದೆ ಹೋಗಿರುತ್ತದೆ. ಆಮೇಲೆ ಪ್ರತಿ ಬಿಡುಗಡೆಗೂ ಆ ಹತ್ತು ಸಾವಿರ ಸಾಲನ್ನು ತಾವೇ ಹೊತ್ತು ತಿರುಗಬೇಕು. ಇನ್ನೂರು ಸಾಲಿನ ಪ್ಯಾಚ್‌ಗಳಾಗಿ, ಪರೀಕ್ಷೆ ಸಮೇತ, ಶುರುವಿನಿಂದಲೇ ಕಳಿಸುವವರ ಕೆಲಸ ಬೇಗ ಸೇರುತ್ತದೆ. ಪೂರ್ತಿ ಹೊಸ ಉಪಯೋಜನೆಯೇ ಬೇಕಾದರೆ ಪ್ರಸ್ತಾವ ಬರೆದು ಎರಡು ವಾರ ಸಾರ್ವಜನಿಕರ ಮುಂದಿಟ್ಟು, ಆಮೇಲೆ ತಾಂತ್ರಿಕ ಸಮಿತಿಯ ಮುಂದೆ ವಿವರಿಸಬೇಕು.

ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಮೊದಲ ಪ್ಯಾಚ್ ಹೇಗೆ ಕಳಿಸೋದು? ತಪ್ಪಾದ್ರೆ ಬೈತಾರಾ?

ಬೈಯುವುದಿಲ್ಲ. ಆದರೆ ಮೈನಸ್ ಒಂದು ಬರುತ್ತದೆ, ಅದಕ್ಕೆ ಎದೆಗುಂದಬಾರದು. ನಡೆಯುವ ಬಗೆ ಹೀಗೆ: ಲಿನಕ್ಸ್ ಫೌಂಡೇಶನ್ ಖಾತೆ ಮಾಡಿಕೊಂಡು ಗೆರಿಟ್‌ಗೆ ಲಾಗಿನ್ ಆಗಿ. ಕೋಡ್ ಇಳಿಸಿ, ಮೇವನ್‌ನಿಂದ ಬಿಲ್ಡ್ ಮಾಡಿ. ಮೊದಲ ಬಿಲ್ಡ್‌ಗೆ ಲೈಬ್ರರಿಗಳೆಲ್ಲ ಇಳಿಯಬೇಕು, ಹಾಸ್ಟೆಲ್ ವೈಫೈಯಲ್ಲಿ ರಾತ್ರಿ ಹಚ್ಚಿ ಮಲಗುವುದು ಮೇಲು. ಬದಲಾವಣೆ ಮಾಡಿ ಕಮಿಟ್ ಮಾಡುವಾಗ ಇದು ನನ್ನದೇ ಕೆಲಸ, ಕೊಡುವ ಹಕ್ಕು ನನಗಿದೆ ಎಂಬ ಸಹಿ ಸಾಲು ಸೇರಬೇಕು. ಗೆರಿಟ್‌ಗೆ ಕಳಿಸಿದ ಕೂಡಲೇ ಜೆಂಕಿನ್ಸ್ ಅದನ್ನು ಬಿಲ್ಡ್ ಮಾಡಿ ಪರೀಕ್ಷೆ ಓಡಿಸುತ್ತದೆ. ಪಾಸಾದರೆ ಪ್ಲಸ್ ಒಂದು. ಆಮೇಲೆ ಮನುಷ್ಯರ ಸರದಿ. ಯಾರು ಬೇಕಾದರೂ ಪ್ಲಸ್ ಒಂದು, ಮೈನಸ್ ಒಂದು ಕೊಡಬಹುದು. ಪ್ಲಸ್ ಎರಡು ಕೊಟ್ಟು ಸೇರಿಸುವ ಅಧಿಕಾರ ಕಮಿಟರ್‌ಗೆ ಮಾತ್ರ.

ಮೊದಲಿಗೆ ದಾಖಲೆಯ ತಪ್ಪು ತಿದ್ದಿ, ಆಗೊಮ್ಮೆ ಈಗೊಮ್ಮೆ ಸೋಲುವ ಪರೀಕ್ಷೆಯೊಂದರ ಕಾರಣ ಹುಡುಕಿ. ಅಂಥ ಪರೀಕ್ಷೆ ಸರಿಪಡಿಸಿದವರ ಹೆಸರು ಕಮಿಟರ್‌ಗಳಿಗೆ ಬೇಗ ನೆನಪಿನಲ್ಲಿ ಉಳಿಯುತ್ತದೆ. ಸಂಬಳದ ಸಹಿತ ಕಲಿಯಬೇಕೆಂದಿದ್ದರೆ ಲಿನಕ್ಸ್ ಫೌಂಡೇಶನ್‌ನ ಮೆಂಟರ್‌ಶಿಪ್ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಸಭೆ ಎಲ್ಲಾ ಅಮೆರಿಕದ ಟೈಮಿಗೆ. ಬೆಂಗಳೂರಲ್ಲಿ ಕೂತು ನಾವು ತೀರ್ಮಾನದಲ್ಲಿ ಪಾಲ್ಗೊಳ್ಳೋದು ಹೇಗೆ?

ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆ ಎಂದರೆ ನಮಗೆ ರಾತ್ರಿ 10:30, ಅವರ ಚಳಿಗಾಲದಲ್ಲಿ 11:30. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರಿಗೆ, ಬೆಳಗ್ಗೆ ಆರಕ್ಕೆ ಆಫೀಸ್ ಬಸ್ ಹಿಡಿಯುವವರಿಗೆ ಇದು ಸುಲಭವಲ್ಲ. ಬೆಂಗಳೂರಿನ ನೆಟ್‌ವರ್ಕ್ ಕಂಪನಿಗಳಲ್ಲಿ ಕೂತು ಇಂಥ ಕೋಡ್ ಬರೆದವರು ಬಹಳ ಜನ, ತೀರ್ಮಾನದ ಮೇಜಿನಲ್ಲಿ ಅವರ ದನಿ ಅಷ್ಟು ಕೇಳುವುದಿಲ್ಲ. ಅದಕ್ಕೆ ಈ ಗಡಿಯಾರವೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಆದರೆ ಬಹುಪಾಲು ತೀರ್ಮಾನ ಸಭೆಯಲ್ಲಿ ಆಗುವುದಿಲ್ಲ, ಗೆರಿಟ್‌ನ ಟಿಪ್ಪಣಿಗಳಲ್ಲಿ ಆಗುತ್ತದೆ. ಸ್ಲೊವಾಕಿಯಾದವರ ಮಧ್ಯಾಹ್ನ ನಮ್ಮ ಸಂಜೆ, ಆ ಹೊತ್ತಿನಲ್ಲಿ ಕಳಿಸಿದ ಪ್ರಶ್ನೆಗೆ ಅಂದೇ ಉತ್ತರ ಬರುವ ಸಾಧ್ಯತೆ ಹೆಚ್ಚು. ಸಭೆಗೆ ಬರಲಾಗದಿದ್ದರೆ ಕಾರ್ಯಸೂಚಿಯಲ್ಲಿ ನಿಮ್ಮ ವಿಷಯವನ್ನು, ನಿಮ್ಮ ನಿಲುವನ್ನು ಮುಂಚೆಯೇ ಬರೆದಿಡಿ, ಮಾರನೇ ದಿನ ನಡಾವಳಿ ಓದಿ ಒಪ್ಪದಿದ್ದರೆ ಅಲ್ಲೇ ಬರೆಯಿರಿ. ಇನ್ನೊಂದು ಮಾತು ನಿಮ್ಮ ಮ್ಯಾನೇಜರ್‌ಗೆ: ಬೇರೆಯವರ ಪ್ಯಾಚ್ ಪರಿಶೀಲಿಸುವ ಸಮಯವನ್ನು ಕೆಲಸದ ಸಮಯ ಎಂದೇ ಲೆಕ್ಕ ಹಿಡಿಯಲಿ, ವಾರಕ್ಕೆ ಅರ್ಧ ದಿನವಾದರೂ. ಕಮಿಟರ್ ಸ್ಥಾನಕ್ಕೆ ಹೆಸರು ಬರುವಾಗ ಇರುವ ಕಮಿಟರ್‌ಗಳು ಮೊದಲು ನೋಡುವುದು ನೀವು ಬೇರೆಯವರ ಕೋಡಿಗೆ ಬರೆದ ಟಿಪ್ಪಣಿಗಳನ್ನು.